ಮಾಜಿ ಸೈನಿಕರ ಡಿಸೆಬಿಲಿಟಿ ಪೆನ್ಷನ್: ಬೋರ್ಡ್ ಕಾಗದ ಓದುವುದರಿಂದ ಟ್ರಿಬ್ಯೂನಲ್‌ವರೆಗೆ

ನಮ್ಮ ಸೋದರಮಾವ ಹವಾಲ್ದಾರ್ ಆಗಿ ಸೇವೆ ಮುಗಿಸಿ ಊರಿಗೆ ಬಂದಾಗ ಜೊತೆಗೆ ಒಂದು ಕಪ್ಪು ಟ್ರಂಕು ತಂದಿದ್ದರು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಆರ್ಮಿ ನಂಬರು, ಹೆಸರು. ಅದರ ತಳದಲ್ಲಿ, ಹಳೆ ಜರ್ಸಿಗಳ ಕೆಳಗೆ, ಎಂಟು ಮಡಿಕೆ ಮಾಡಿದ ಒಂದು ಕಾಗದ ಹನ್ನೊಂದು ವರ್ಷ ಸುಮ್ನೆ ಬಿದ್ದಿತ್ತು. ಟ್ರೇನಿಂಗ್‌ನಲ್ಲಿ ಗೋಡೆ ಹಾರುವಾಗ ಮೊಣಕಾಲು ತಿರುಚಿಕೊಂಡ ದಿನ ಯೂನಿಟ್‌ನಲ್ಲಿ ಬರೆದ ಇಂಜುರಿ ರಿಪೋರ್ಟ್ ಅದು. ಮಾವ ಇವತ್ತಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ. ಆದರೆ ಅವರ ಬಿಡುಗಡೆಯ ಮೆಡಿಕಲ್ ಕಾಗದದಲ್ಲಿ ಈ ತೊಂದರೆಗೂ ಸೇವೆಗೂ ಸಂಬಂಧ ಇಲ್ಲ ಅಂತ ಬರೆದಿತ್ತು. ಅವರು ಅದನ್ನು ಓದಿಯೇ ಇರಲಿಲ್ಲ. ಸಹಿ ಹಾಕಿ ಅಂದರು, ಹಾಕಿದರು. ಮನೆಗೆ ಹೋಗುವ ಖುಷಿಯಲ್ಲಿ ಯಾರು ಓದುತ್ತಾರೆ ಹೇಳಿ.

ಆ ಕೇಸಿನ ಹಿಂದೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರ ನಿಯಮಗಳೇ ಬೇರೆ, ಅವರು ಇದನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ.

ಮೂರು ಪ್ರಶ್ನೆ, ಅಷ್ಟೇ

ಯಾರಾದರೂ "ನನಗೆ ಡಿಸೆಬಿಲಿಟಿ ಪೆನ್ಷನ್ ಸಿಗುತ್ತಾ?" ಅಂತ ಕೇಳಿದರೆ ನಾನು ಮೂರೇ ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ. ಸೇವೆಯಿಂದ ಹೇಗೆ ಹೊರಗೆ ಬಂದಿರಿ? ಕಾಯಿಲೆ ಅಥವಾ ಗಾಯಕ್ಕೆ ಕಾರಣ ಏನು ಅಂತ ಮೆಡಿಕಲ್ ಬೋರ್ಡ್, ಅಂದರೆ ಸೇನೆಯ ಡಾಕ್ಟರುಗಳ ಸಮಿತಿ, ಬರೆದಿದೆ? ಎಷ್ಟು ಪರ್ಸೆಂಟ್ ಕೊಟ್ಟಿದೆ? ಈ ಮೂರರ ಉತ್ತರ ಕೈಯಲ್ಲಿದ್ದರೆ ನಿಮ್ಮ ಕೇಸು ಎಲ್ಲಿ ನಿಂತಿದೆ ಅಂತ ಐದು ನಿಮಿಷದಲ್ಲಿ ಹೇಳಬಹುದು. ಇಲ್ಲದಿದ್ದರೆ ವಕೀಲರ ಹತ್ತಿರ ಹೋದರೂ ಅವರು ಮೊದಲು ಇದನ್ನೇ ಕೇಳುತ್ತಾರೆ.

ಹೊರಗೆ ಬರುವ ದಾರಿ ಮುಖ್ಯವಾಗಿ ಎರಡು. ಒಂದು, ದೇಹಸ್ಥಿತಿ ಸರಿಯಿಲ್ಲ ಅಂತ ಅವಧಿಗೆ ಮುಂಚೆಯೇ ಕಳಿಸುವುದು. ಇದನ್ನು ನಮ್ಮವರು 'ಬೋರ್ಡ್ ಔಟ್' ಅನ್ನುತ್ತಾರೆ. ಇದಕ್ಕೆ ಕೂರುವುದು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಇನ್ನೊಂದು, ಲೋ ಮೆಡಿಕಲ್ ಕ್ಯಾಟಗರಿಯಲ್ಲೇ (ಪೂರ್ತಿ ಫಿಟ್ ಅಲ್ಲ ಅನ್ನುವ ದರ್ಜೆ) ಪೂರ್ತಿ ಸೇವೆ ಮುಗಿಸಿ ಬರುವುದು. ಆಗ ಕೂರುವುದು ರಿಲೀಸ್ ಮೆಡಿಕಲ್ ಬೋರ್ಡ್. ನಿಮ್ಮ ಕ್ಯಾಟಗರಿಗೆ ಹೊಂದುವ ಹಗುರ ಕೆಲಸ ಇಲ್ಲ ಅಂತ ಅವಧಿಗೆ ಮುಂಚೆ ಕಳಿಸಿದ್ದರೆ, ಹಳೆಯ 1982ರ ನಿಯಮದ ಪ್ರಕಾರ ಜೆಸಿಒ (ಸುಬೇದಾರ್ ದರ್ಜೆಯವರು) ಮತ್ತು ಜವಾನರಿಗೆ ಅದೂ ಬೋರ್ಡ್ ಔಟ್ ಲೆಕ್ಕವೇ. ಡಿಸ್ಚಾರ್ಜ್ ಬುಕ್ಕಿನಲ್ಲಿ ಬೇರೆ ಏನೋ ಬರೆದಿದೆ ಅಂತ ಎಷ್ಟೋ ಜನ ಇದನ್ನು ಕೈಬಿಟ್ಟಿದ್ದಾರೆ.

ಬೋರ್ಡ್ ಔಟ್ ಆದವರಿಗೆ, ಕಾರಣ ಸೇವೆಯದ್ದು ಅಂತ ಒಪ್ಪಿದ್ದರೆ, ಎರಡು ತುಂಡು ಸಿಗುತ್ತದೆ: ಸರ್ವಿಸ್ ಎಲಿಮೆಂಟ್ (ಸೇವೆಗೆ ಕೊಡುವ ಹಣ) ಮತ್ತು ಡಿಸೆಬಿಲಿಟಿ ಎಲಿಮೆಂಟ್ (ಅಂಗವೈಕಲ್ಯಕ್ಕೆ ಕೊಡುವ ಹಣ). ಪೂರ್ತಿ ಸೇವೆ ಮುಗಿಸಿದವರಿಗೆ ಮಾಮೂಲಿ ಸರ್ವಿಸ್ ಪೆನ್ಷನ್ ಹೇಗೂ ಇದೆ, ಅದರ ಮೇಲೆ ಡಿಸೆಬಿಲಿಟಿ ಎಲಿಮೆಂಟ್ ಸೇರುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಅದರಲ್ಲಿ ಸೇವೆ ಮುಗಿಸಿ ಬರುವವರಿಗೆ ಕೊಡುವ ಈ ಹಣಕ್ಕೆ 'ಇಂಪೇರ್‌ಮೆಂಟ್ ರಿಲೀಫ್' ಅಂತ ಹೆಸರಿಟ್ಟಿದ್ದಾರೆ. ಆ ದಿನಕ್ಕಿಂತ ಮುಂಚೆ ಹೊರಗೆ ಬಂದವರಿಗೆ ಹಳೆ ನಿಯಮವೇ. ನಿಮ್ಮ ಬಿಡುಗಡೆ ದಿನಾಂಕ ನೋಡಿಕೊಂಡೇ ಮುಂದೆ ಓದಿ.

'ನಾನಾ' ಅನ್ನುವ ನಾಲ್ಕಕ್ಷರ

ಎಲ್ಲ ಜಗಳವೂ ಇರುವುದು ಎರಡನೇ ಪ್ರಶ್ನೆಯಲ್ಲಿ. ಬೋರ್ಡ್ ಮೂರರಲ್ಲಿ ಒಂದು ಉತ್ತರ ಬರೆಯುತ್ತದೆ. 'ಅಟ್ರಿಬ್ಯೂಟೇಬಲ್' ಅಂದರೆ ಸೇವೆಯಿಂದಲೇ ಬಂದದ್ದು. 'ಅಗ್ರವೇಟೆಡ್' ಅಂದರೆ ಬೇರೆ ಕಾರಣಕ್ಕೆ ಶುರುವಾಗಿರಬಹುದು, ಆದರೆ ಸೇವೆಯಿಂದ ಜಾಸ್ತಿಯಾಯಿತು. ಪೆನ್ಷನ್ನಿಗೆ ಇವೆರಡೂ ಸಮ, ಅಗ್ರವೇಟೆಡ್ ಅಂದರೆ ಅರ್ಧ ಹಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರನೆಯದು ಎರಡೂ ಅಲ್ಲ ಅನ್ನುವುದು. ಇಂಗ್ಲಿಷಿನ ನಾಲ್ಕು ಅಕ್ಷರ (NANA) ಸೇರಿಸಿ ಇದನ್ನು 'ನಾನಾ' ಅಂತಲೇ ಓದುತ್ತಾರೆ. ಮಾವನ ಕಾಗದದಲ್ಲಿ ಇದ್ದದ್ದು ಅದೇ. "ನಾನಾ ಅಂತೆ" ಅಂದಾಗ ಅವರು "ಮತ್ತಿನ್ಯಾರು, ನಾನೇ ಅಲ್ವಾ ಬಿದ್ದಿದ್ದು" ಅಂದರು.

ಗಾಯದ ವಿಷಯದಲ್ಲಿ ನೋಡುವುದು ಆಗ ನೀವು ಡ್ಯೂಟಿಯಲ್ಲಿದ್ದಿರಾ ಅನ್ನುವುದನ್ನು. ಪರೇಡ್, ಪಿಟಿ, ಟ್ರೇನಿಂಗ್, ಯೂನಿಟ್ ಏರ್ಪಡಿಸಿದ ಆಟ, ಇವೆಲ್ಲ ಡ್ಯೂಟಿ. ರಜೆಗೆ ಊರಿಗೆ ಹೊರಟ ಪ್ರಯಾಣ, ರಜೆ ಮುಗಿಸಿ ಯೂನಿಟ್‌ಗೆ ಮರಳುವ ಪ್ರಯಾಣ, ಸರ್ಕಾರದ ಖರ್ಚಿನಲ್ಲಿ ಹೋಗುವ ಹಕ್ಕಿದ್ದರೆ, ಅದೂ ಡ್ಯೂಟಿ. ಆದರೆ ರಜೆಯಲ್ಲಿ ಮನೆಯಲ್ಲಿದ್ದಾಗ ಸ್ವಂತ ಕೆಲಸಕ್ಕೆ ಬೈಕ್ ತೆಗೆದುಕೊಂಡು ಹೋಗಿ ಬಿದ್ದರೆ ಕಷ್ಟ. ಗಾಯಕ್ಕೂ ಸೇವೆಗೂ ಏನಾದರೂ ಕೊಂಡಿ ತೋರಿಸಬೇಕು, ಅದಿಲ್ಲದೆ ಕೋರ್ಟುಗಳೂ ಒಪ್ಪುವುದಿಲ್ಲ.

ಕಾಯಿಲೆಯ ವಿಷಯ ಇನ್ನೂ ಗೋಜಲು. ಬಿಪಿ, ಶುಗರ್, ಫಿಟ್ಸ್, ಮಾನಸಿಕ ಕಾಯಿಲೆ, ಬೆನ್ನುಹುರಿಯ ಡಿಸ್ಕ್ ಸರಿದಿರುವುದು. ಇವಕ್ಕೆ 'ಹುಟ್ಟಿನಿಂದ ಬಂದ ದೇಹಗುಣ' ಅಂತಲೋ, 'ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು' (ಪೀಸ್ ಅಂದರೆ ಗಡಿಯ ಕಾದಾಟ ಇಲ್ಲದ ನೆಲೆ) ಅಂತಲೋ ಒಂದು ಸಾಲು ಬರೆದು ಮುಗಿಸುವ ಅಭ್ಯಾಸ ಬೋರ್ಡುಗಳಿಗೆ ಇದೆ. ಇಲ್ಲಿ ನಿಮಗೆ ಆಸರೆಯಾಗುವುದು 2013ರ ಧರಮ್‌ವೀರ್ ಸಿಂಗ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು. ಒಂಬತ್ತು ವರ್ಷ ಸೇವೆ ಮಾಡಿದ ಸಿಪಾಯಿಯನ್ನು ಫಿಟ್ಸ್ ಕಾಯಿಲೆ, 20% ಅಂತ ಬರೆದು 1994ರಲ್ಲಿ ಮನೆಗೆ ಕಳಿಸಿದ್ದರು, ಪೆನ್ಷನ್ ಇಲ್ಲ ಅಂದಿದ್ದರು. ಕೋರ್ಟ್ ಹೇಳಿದ್ದು ಇಷ್ಟು: ಭರ್ತಿಯಾಗುವಾಗ ನೀವೇ ಪರೀಕ್ಷೆ ಮಾಡಿ ಫಿಟ್ ಅಂದಿದ್ದೀರಿ, ಕಾಗದದಲ್ಲಿ ಯಾವ ಕಾಯಿಲೆಯೂ ಬರೆದಿಲ್ಲ, ಹಾಗಾದರೆ ಆಮೇಲೆ ಬಂದದ್ದು ಸೇವೆಯಿಂದ ಬಂದದ್ದು ಅಂತಲೇ ಹಿಡಿಯಬೇಕು. ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊಣೆ ಸೈನಿಕನದ್ದಲ್ಲ, ಇಲಾಖೆಯದ್ದು. ಅದೂ ಕಾರಣ ಕೊಟ್ಟು ತೋರಿಸಬೇಕು. ಮರುವರ್ಷ ಸುಖವಿಂದರ್ ಸಿಂಗ್ ಕೇಸಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸೇವೆಗೆ ಆಗುವುದಿಲ್ಲ ಅಂತ ಬೋರ್ಡ್ ಔಟ್ ಮಾಡಿದ ಮೇಲೆ ಅಂಗವೈಕಲ್ಯ 20%ಗಿಂತ ಮೇಲೆ ಅಂತಲೇ ಹಿಡಿಯಬೇಕು ಅಂದಿತು. ಪೀಸ್ ಸ್ಟೇಷನ್ ನೆಪದ ಬಗ್ಗೆ ದೆಹಲಿ ಹೈಕೋರ್ಟ್ 2025ರಲ್ಲಿ ಖಡಕ್ಕಾಗಿ ಹೇಳಿದೆ, ಬರೀ ಪೋಸ್ಟಿಂಗ್ ಪೀಸ್‌ನಲ್ಲಿತ್ತು ಅನ್ನುವುದು ಕಾರಣವಾಗುವುದಿಲ್ಲ ಅಂತ. ಸೈನ್ಯದ ಒತ್ತಡ ಗಡಿಯಲ್ಲಿ ಮಾತ್ರ ಇರುತ್ತೆ ಅಂತ ಯಾರು ಹೇಳಿದ್ದು?

ಅಂದಹಾಗೆ 2008ರ ಮತ್ತು 2023ರ ನಿಯಮಗಳಲ್ಲಿ ಭಾಷೆ ಬಿಗಿಯಾಗಿದೆ. ಆದ್ದರಿಂದ ಹೊಸದಾಗಿ ಬಿಡುಗಡೆ ಆಗುವವರು ತೀರ್ಪುಗಳ ಮೇಲೆ ಭಾರ ಹಾಕಿ ಕೂರದೆ, ಕಾಯಿಲೆಗೂ ಕೆಲಸಕ್ಕೂ ಇರುವ ಕೊಂಡಿಯನ್ನು ಕಾಗದದಲ್ಲೇ ಮೂಡಿಸಿಕೊಂಡು ಬನ್ನಿ.

ಪರ್ಸೆಂಟಿನ ಲೆಕ್ಕ

ಸೇವೆ ಮುಗಿಸಿ ಬಂದವರಿಗೆ 20%ಗಿಂತ ಕಡಿಮೆ ಅಂದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ. 15-19% ಅಂತ ಬರೆದ ಕಾಗದ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಪಾಯಿಂಟಿನಲ್ಲಿ ಇಡೀ ಜೀವನದ ಹಣ ಹೋಗುತ್ತದೆ.

20% ಅಥವಾ ಅದಕ್ಕಿಂತ ಮೇಲಿದ್ದರೆ ಸಿಗುವುದು 'ಬ್ರಾಡ್ ಬ್ಯಾಂಡಿಂಗ್', ಜನ 'ರೌಂಡಿಂಗ್' ಅನ್ನುವುದು ಇದನ್ನೇ. 50%ಗಿಂತ ಕಡಿಮೆ ಇದ್ದರೆ 50 ಅಂತ ಹಿಡಿಯುತ್ತಾರೆ. 50ರಿಂದ 75ರವರೆಗೆ ಇದ್ದರೆ 75. 76 ಮತ್ತು ಅದಕ್ಕಿಂತ ಮೇಲಿದ್ದರೆ 100. ಮೊದಲು ಇದು ಬೋರ್ಡ್ ಔಟ್ ಆದವರಿಗೆ ಮಾತ್ರ ಇತ್ತು. ಸೇವೆ ಮುಗಿಸಿ ಬಂದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಿನಲ್ಲಿ ಹೇಳಿತು.

ರೂಪಾಯಿಯಲ್ಲಿ ನೋಡೋಣ. ಡಿಸೆಬಿಲಿಟಿ ಎಲಿಮೆಂಟ್ 100%ಗೆ ಕೊನೆಯ ಸಂಬಳದ 30%. ಕೊನೆಯ ಸಂಬಳ ಅಂದರೆ ಇಲ್ಲಿ ಮೂಲವೇತನದ ಜೊತೆ ಮಿಲಿಟರಿ ಸರ್ವಿಸ್ ಪೇ ಸೇರಿದ್ದು. ಜವಾನರಿಗೆ ಅದು 7ನೇ ವೇತನ ಆಯೋಗದಲ್ಲಿ 5,200 ರೂಪಾಯಿ. ಎಲ್ಲ ಸೇರಿ 40,000 ಅಂತ ಇಟ್ಟುಕೊಳ್ಳಿ. 100%ಗೆ 12,000. ಬೋರ್ಡ್ 20% ಕೊಟ್ಟಿದ್ದರೆ, ರೌಂಡಿಂಗ್ ಇಲ್ಲದೆ 2,400. ರೌಂಡಿಂಗ್ ಆದರೆ 50%, ಅಂದರೆ 6,000. ತುಟ್ಟಿಭತ್ಯೆ ಬೇರೆ. ನಿಮ್ಮ ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ) 20% ಅಂತಲೇ ಹಣ ಬರುತ್ತಿದ್ದರೆ ಪ್ರತಿ ತಿಂಗಳು 3,600 ಬಿಟ್ಟುಕೊಡುತ್ತಿದ್ದೀರಿ ಅಂತ ಅರ್ಥ. ಬೋರ್ಡ್ ಔಟ್ ಆದವರಿಗೆ ಇದೇ ಸಂಬಳಕ್ಕೆ ಸರ್ವಿಸ್ ಎಲಿಮೆಂಟ್ 20,000 ಜೊತೆಗೆ ಸೇರುತ್ತದೆ. ಎಷ್ಟು ವರ್ಷ ಸೇವೆ ಆಗಿತ್ತು ಅನ್ನುವುದನ್ನು ಅದಕ್ಕೆ ನೋಡುವುದಿಲ್ಲ.

ಎರಡು ತೊಂದರೆ ಇದ್ದರೆ ಪರ್ಸೆಂಟ್ ಸುಮ್ನೆ ಕೂಡುವುದಿಲ್ಲ. ಮೊಣಕಾಲಿಗೆ 30, ಕಿವಿಗೆ 20 ಅಂದರೆ 50 ಆಗಲೇಬೇಕು ಅಂತಿಲ್ಲ, ಎಲ್ಲ ಸೇರಿ ಒಂದು 'ಕಾಂಪೋಸಿಟ್' ಅಂಕಿ ಕೊಡುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: ಪೆನ್ಷನ್ನಿಗೆ ಲೆಕ್ಕಕ್ಕೆ ಬರುವ ನಿವ್ವಳ ಪರ್ಸೆಂಟ್. ಎಷ್ಟೋ ಕಾಗದದಲ್ಲಿ ಮೊದಲನೆಯದು 30%, ಎರಡನೆಯದು 'ನಿಲ್' ಅಂತ ಇರುತ್ತದೆ. ಅಂದರೆ ತೊಂದರೆ ಇದೆ, ಆದರೆ ನಾನಾ. ಕಾಗದ ಕೈಗೆ ಬಂದ ಕೂಡಲೇ ಈ ಎರಡನೇ ಅಂಕಿ ಹುಡುಕಿ.

ಶತ್ರುವಿನ ಗುಂಡು, ಗಡಿಯ ಕಾದಾಟ, ಸರ್ಕಾರ ಘೋಷಿಸಿದ ಕಾರ್ಯಾಚರಣೆ, ಇಂಥದ್ದರಲ್ಲಿ ಆದ ಗಾಯಕ್ಕೆ ವಾರ್ ಇಂಜುರಿ ಪೆನ್ಷನ್ ಅಂತ ಬೇರೆಯೇ ಇದೆ. ಅಲ್ಲಿ 100%ಗೆ, ಬೋರ್ಡ್ ಔಟ್ ಆದವರಿಗೆ ಕೊನೆಯ ಸಂಬಳದಷ್ಟೇ ಹಣ, ಗಾಯವಾದ ಮೇಲೂ ಸೇವೆಯಲ್ಲಿ ಉಳಿದು ಆಮೇಲೆ ಬಂದವರಿಗೆ ಅದರ 60%. ಹಾಗಾಗಿ ಕಾರ್ಯಾಚರಣೆಯಲ್ಲಿ ಆದ ಗಾಯವನ್ನು ಮಾಮೂಲಿ ಅಪಘಾತ ಅಂತ ಬರೆದಿದ್ದರೆ ಬಿಡಬೇಡಿ, ವ್ಯತ್ಯಾಸ ದೊಡ್ಡದು.

ಅಗ್ನಿವೀರರಿಗೆ ಈ ಯಾವ ಪೆನ್ಷನ್ನೂ ಇಲ್ಲ. ಸೇವೆಯಿಂದ ಬಂದ ಅಂಗವೈಕಲ್ಯಕ್ಕೆ ಒಂದೇ ಸಲದ ಮೊತ್ತ: 100%ಗೆ 44 ಲಕ್ಷ, 75%ಗೆ 25 ಲಕ್ಷ, 50%ಗೆ 15 ಲಕ್ಷ.

ಇನ್ನೂ ಸೇವೆಯಲ್ಲಿದ್ದರೆ ಈಗಲೇ ಮಾಡಬೇಕಾದ್ದು

ಗಾಯವಾದರೆ ಇಂಜುರಿ ರಿಪೋರ್ಟ್ ಆಗಬೇಕು. ಫಾರಂ ನಂಬರ್ ಐಎಎಫ್‌ವೈ-2006. ಗಾಯ ದೊಡ್ಡದಿದ್ದರೆ ಸೇನೆಯೊಳಗಿನ ವಿಚಾರಣೆ, ಅಂದರೆ ಕೋರ್ಟ್ ಆಫ್ ಇನ್‌ಕ್ವಯರಿ ಕೂಡ. "ಸಣ್ಣ ಪೆಟ್ಟು, ಎಂಐ ರೂಮಿನಲ್ಲಿ ಮುಲಾಮು ಹಚ್ಚಿಸಿಕೊಂಡು ಬಾ" ಅಂತ ಸೀನಿಯರ್ ಹೇಳುತ್ತಾರೆ, ನಾವೂ ಗಂಡಸುತನ ಅಂತ ಸುಮ್ಮನಾಗುತ್ತೇವೆ. ಹದಿನೈದು ವರ್ಷ ಆದ ಮೇಲೆ ಆ ಪೆಟ್ಟೇ ಸವೆದ ಮೊಣಕಾಲಾಗಿ ಬರುತ್ತದೆ. ಆಗ ಸಾಕ್ಷಿ ಹೇಳುವ ನಾಯಕ್ ಸಾಹೇಬರು ಎಲ್ಲಿರುತ್ತಾರೋ. ಫೋಟೋ ತೆಗೆದು ಮನೆಗೆ ಕಳಿಸಿ, ಒಂದು ಪ್ರತಿ ಟ್ರಂಕಿನ ಹೊರಗೂ ಇರಲಿ.

ಆಸ್ಪತ್ರೆಯ ಡಿಸ್ಚಾರ್ಜ್ ಕಾಗದಗಳು, ಕ್ಯಾಟಗರಿ ಬದಲಾದಾಗಿನ ಬೋರ್ಡ್ ಕಾಗದಗಳು, ಭರ್ತಿಯಾದಾಗಿನ ಮೆಡಿಕಲ್ ಪರೀಕ್ಷೆಯ ದಾಖಲೆ, ಇಷ್ಟೂ ಒಂದೇ ಫೈಲಿನಲ್ಲಿ. ಕೊನೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆದರೆ 'ಬಂದಾಗ ಫಿಟ್ ಇದ್ದೆ' ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬೋರ್ಡಿನ ದಿನ

ಬೋರ್ಡಿನ ಕಾಗದದ ಹೆಸರು ಎಎಫ್‌ಎಂಎಸ್‌ಎಫ್-16. ಅದರಲ್ಲಿ ಡಾಕ್ಟರು ಬರೆಯುವ ಭಾಗಕ್ಕೆ ಮುಂಚೆ ನೀವು ಬರೆಯುವ ಭಾಗ ಇದೆ, ಪರ್ಸನಲ್ ಸ್ಟೇಟ್‌ಮೆಂಟ್. ಇಲ್ಲೇ ಹೆಚ್ಚಿನವರು ಎಡವುವುದು. ಎಲ್ಲೆಲ್ಲಿ ಸೇವೆ ಮಾಡಿದಿರಿ ಅಂತ ಒಂದು ಪಟ್ಟಿ ಬರುತ್ತದೆ, ಪ್ರತಿ ಜಾಗದ ಎದುರು ಪೀಸೋ ಫೀಲ್ಡೋ ಅಂತ ಬರೆಯಬೇಕು. ಕ್ಲರ್ಕ್ ತಾನೇ ತುಂಬಿಕೊಟ್ಟರೆ ಓದಿ ನೋಡಿ. ಎರಡು ಚಳಿಗಾಲ ಹಿಮದಲ್ಲಿ ಕಳೆದದ್ದು ಆ ಪಟ್ಟಿಯಲ್ಲಿ ಇಲ್ಲ ಅಂದರೆ, ಆಮೇಲೆ ಕೇಸಿನಲ್ಲೂ ಇರುವುದಿಲ್ಲ.

ಮುಂದೆ, ಸೇವೆಗೆ ಬರುವ ಮುಂಚೆ ಯಾವುದಾದರೂ ತೊಂದರೆ ಇತ್ತಾ ಅಂತ ಕೇಳುತ್ತದೆ. ಹತ್ತನೇ ಕ್ಲಾಸಿನಲ್ಲಿ ಕಬಡ್ಡಿ ಆಡುವಾಗ ಕಾಲು ಉಳುಕಿದ್ದು ಯಾರಿಗೂ ಬೇಕಿಲ್ಲ. ಸುಳ್ಳು ಬರೆಯಿರಿ ಅಂತ ಹೇಳುತ್ತಿಲ್ಲ. ಆದರೆ ವಾಸಿಯಾಗಿ ಮರೆತುಹೋದದ್ದನ್ನು ಕಾಯಿಲೆ ಅಂತ ಬರೆದು ನಿಮ್ಮ ಕಾಲಿಗೆ ನೀವೇ ಕಲ್ಲು ಹಾಕಿಕೊಳ್ಳಬೇಡಿ. ಆಮೇಲಿನ ಪ್ರಶ್ನೆ, ಸೇವೆಯ ಯಾವ ಘಟನೆಯಿಂದ ಈ ತೊಂದರೆ ಬಂತು ಅಥವಾ ಜಾಸ್ತಿಯಾಯಿತು ಅಂತ. ಇಲ್ಲಿ 'ಸೇವೆಯಿಂದ' ಅಂತ ಒಂದೇ ಪದ ಬರೆದು ಬಂದವರನ್ನು ನೋಡಿದ್ದೇನೆ. ವರ್ಷ, ಜಾಗ, ಯೂನಿಟ್, ಮಾಡುತ್ತಿದ್ದ ಕೆಲಸ, ಆಸ್ಪತ್ರೆ ಹೆಸರು, ಅಡ್ಮಿಟ್ ಆದ ದಿನಾಂಕ ಬರೆಯಿರಿ. ಉದಾಹರಣೆಗೆ, ಇಂಥ ವರ್ಷ ಇಂಥ ಎತ್ತರದ ಜಾಗದಲ್ಲಿ ಇಷ್ಟು ತಿಂಗಳು ಇದ್ದೆ, ಹೊರೆ ಹೊತ್ತು ನಡೆಯುತ್ತಿದ್ದೆ, ಬೆನ್ನು ನೋವು ಮೊದಲು ಶುರುವಾದದ್ದು ಆಗ, ಇಂಥ ಆಸ್ಪತ್ರೆಗೆ ಕಳಿಸಿದರು, ಆಮೇಲೆ ಭಾರ ಎತ್ತಬಾರದು ಅಂತ ಕ್ಯಾಟಗರಿ ಕೊಟ್ಟರು. ನಾಲ್ಕು ಸಾಲು ಸಾಕು.

ಬೋರ್ಡ್ ಮುಗಿದ ಮೇಲೆ ಕಾಗದದ ಪ್ರತಿ ಕೇಳಿ ತೆಗೆದುಕೊಳ್ಳಿ. ಅಭಿಪ್ರಾಯಕ್ಕೆ ಕಾರಣ ಬರೆಯುವ ಜಾಗದಲ್ಲಿ ಏನಿದೆ ನೋಡಿ. ಒಂದು ಸಾಲು, ಅದೂ ಎಲ್ಲರಿಗೂ ಬರೆಯುವ ಸಾಲೇ ಆಗಿದ್ದರೆ, ಬೇಸರ ಮಾಡಿಕೊಳ್ಳಬೇಡಿ. ಅಪೀಲಿನಲ್ಲಿ ಅದೇ ನಿಮ್ಮ ಒಳ್ಳೆಯ ಪಾಯಿಂಟ್.

ಬಂದು ಎಷ್ಟೋ ವರ್ಷ ಆಗಿದೆ, ಕಾಗದವೇ ಇಲ್ಲ ಅಂದರೆ?

ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಳಿ ಹಾಳೆ, ನಿಮ್ಮ ಸೇವಾ ದಾಖಲೆ ಇರುವ ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ. ಮರಾಠಾ ಲೈಟ್ ಇನ್‌ಫಂಟ್ರಿ ಆದರೆ ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲ್ಲಿಂಗ್ಟನ್, ಸಿಗ್ನಲ್ಸ್ ಆದರೆ ಜಬಲ್‌ಪುರ. ಆರ್ಮಿ ನಂಬರು, ರ‍್ಯಾಂಕ್, ಹೆಸರು, ಬಿಡುಗಡೆ ದಿನಾಂಕ ಬರೆದು ಹೀಗೆ ಕೇಳಿ: ನನ್ನ ಬಿಡುಗಡೆ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ, ಭರ್ತಿ ಸಮಯದ ಮೆಡಿಕಲ್ ದಾಖಲೆ, ಇಂಜುರಿ ರಿಪೋರ್ಟ್ ಮತ್ತು ವಿಚಾರಣೆಯ ಪ್ರತಿ, ನನ್ನ ಪೆನ್ಷನ್ ಕ್ಲೈಮ್ ತಿರಸ್ಕರಿಸಿದ ಪತ್ರದ ಪ್ರತಿ. ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಮಾವನಿಗೆ ಬಂದದ್ದು ಎರಡನೇ ನೆನಪೋಲೆಗೆ. ಬಂದ ಲಕೋಟೆಯಲ್ಲಿ ಇಂಜುರಿ ರಿಪೋರ್ಟೇ ಇರಲಿಲ್ಲ! ಅವರ ಫೈಲಿನಲ್ಲಿ ಅದು ಇಲ್ಲವಂತೆ. ಬೋರ್ಡ್ ನಾನಾ ಅಂದದ್ದು ಯಾಕೆ ಅಂತ ನಮಗೆ ಗೊತ್ತಾದದ್ದು ಅವತ್ತು. ಆ ಕಾಗದ ಇದ್ದದ್ದು ಟ್ರಂಕಿನಲ್ಲಿ ಮಾತ್ರ.

ಬರೆಯಲು ಕೈ ಓಡದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅಲ್ಲಿ ಕೆಲಸ ಮಾಡುವವರಲ್ಲಿ ಮಾಜಿ ಸೈನಿಕರು ಇರುತ್ತಾರೆ, ಭಾಷೆ ತಿಳಿಯುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಸಿಕ್ಕ ಹಣದಲ್ಲಿ ಇಷ್ಟು ಪಾಲು ಕೊಡಿ ಅನ್ನುವ ಏಜೆಂಟರಿಂದ ದೂರ ಇರಿ. ಒರಿಜಿನಲ್ ಕಾಗದ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಅಪೀಲು

ಕ್ಲೈಮ್ ತಿರಸ್ಕರಿಸಿದ ಪತ್ರದಲ್ಲೇ ಅಪೀಲಿನ ಬಗ್ಗೆ ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ ಆರು ತಿಂಗಳ ಗಡುವು. ಮೊದಲ ಅಪೀಲು ರೆಕಾರ್ಡ್ ಆಫೀಸಿನ ಮೂಲಕ ಹೋಗುತ್ತದೆ. ಅಲ್ಲಿ ಆಗದಿದ್ದರೆ ಎರಡನೇ ಅಪೀಲು, ಅದಕ್ಕೂ ಆರು ತಿಂಗಳು. ಗಡುವು ಮೀರಿದ್ದರೂ ಹಾಕಿ, ತಡ ಯಾಕಾಯಿತು ಅಂತ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಅಪೀಲಿನಲ್ಲಿ ಅಳಲು ತೋಡಿಕೊಳ್ಳಬೇಡಿ. ದೇಶಕ್ಕಾಗಿ ದುಡಿದೆ, ಮಕ್ಕಳ ಓದು, ಸಾಲ, ಇವೆಲ್ಲ ನಿಜವೇ, ಆದರೆ ಓದುವವನ ಮುಂದೆ ಇಂಥ ನೂರು ಫೈಲ್ ಇದೆ. ಅವನಿಗೆ ಬೇಕಾದ್ದು ಕೊಂಡಿ. ಭರ್ತಿಯಾದಾಗ ಫಿಟ್ ಇದ್ದೆ, ದಾಖಲೆ ಇದು. ಇಂಥ ದಿನ ಇಂಥ ಡ್ಯೂಟಿಯಲ್ಲಿ ಹೀಗಾಯಿತು, ಕಾಗದ ಇದು. ಅವತ್ತಿನಿಂದ ಕ್ಯಾಟಗರಿ ಇಳಿಯಿತು, ಬೋರ್ಡ್ ಪ್ರತಿಗಳು ಇವು. ಬಿಡುಗಡೆ ಬೋರ್ಡ್ ಸಂಬಂಧವಿಲ್ಲ ಅಂದಿದೆ, ಯಾಕೆ ಅಂತ ಕಾರಣ ಕೊಟ್ಟಿಲ್ಲ. ಆದ್ದರಿಂದ ಇಷ್ಟು ಪರ್ಸೆಂಟ್, ರೌಂಡಿಂಗ್ ಸಹಿತ, ಬಿಡುಗಡೆಯ ಮರುದಿನದಿಂದ ಕೊಡಬೇಕು. ಎರಡು ಪುಟ ದಾಟಬಾರದು. ಬೋರ್ಡ್ ಕೊಟ್ಟ ಪರ್ಸೆಂಟ್ ಬಗ್ಗೆಯೇ ತಕರಾರಿದ್ದರೆ ಅಪೀಲ್ ಮೆಡಿಕಲ್ ಬೋರ್ಡ್ ಬೇಕು ಅಂತ ಸ್ಪಷ್ಟವಾಗಿ ಕೇಳಿ.

ಇನ್ನೊಂದು ವಿಷಯ. ಹಿಂದೆಲ್ಲ ಎರಡು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಮತ್ತೆ ಬೋರ್ಡ್ ಮುಂದೆ ನಿಲ್ಲಿಸಿ ಪರ್ಸೆಂಟ್ ಇಳಿಸುತ್ತಿದ್ದರು. 2001ರ ಫೆಬ್ರವರಿ 7ರ ಆದೇಶದ ನಂತರ ಅದು ನಿಂತಿದೆ. ನೀವಾಗಿ ಮರುಪರಿಶೀಲನೆ ಕೇಳದಿದ್ದರೆ ಒಮ್ಮೆ ಕೊಟ್ಟದ್ದು ಜೀವನಪೂರ್ತಿ.

ಟ್ರಿಬ್ಯೂನಲ್

ಅಪೀಲು ಸೋತರೆ, ಅಥವಾ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ನಮ್ಮವರ ಬಾಯಲ್ಲಿ ಎಎಫ್‌ಟಿ. 2007ರ ಕಾನೂನಿನಿಂದ ಹುಟ್ಟಿ 2009ರಲ್ಲಿ ಶುರುವಾದದ್ದು. ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರುತ್ತದೆ. ನಿವೃತ್ತರು ತಾವು ವಾಸ ಇರುವ ಕಡೆಯ ಪೀಠಕ್ಕೇ ಅರ್ಜಿ ಹಾಕಬಹುದು, ರೆಕಾರ್ಡ್ ಆಫೀಸ್ ಜಬಲ್‌ಪುರದಲ್ಲಿದೆ ಅಂತ ಅಲ್ಲಿಗೆ ಓಡಬೇಕಾಗಿಲ್ಲ.

ಹಳೆಯ ಕೇಸು ಅಂತ ಹೆದರಬೇಡಿ. ಪೆನ್ಷನ್ ತಿಂಗಳು ತಿಂಗಳು ಬರಬೇಕಾದ ಹಣ, ತಪ್ಪೂ ತಿಂಗಳು ತಿಂಗಳು ನಡೆಯುತ್ತಲೇ ಇರುತ್ತದೆ ಅನ್ನುವ ನ್ಯಾಯ ಇದೆ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಗಿ ಬಂದವರಿಗೆ ಬಾಕಿ ಹಣ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಮಾವನ ಮೊಣಕಾಲಿಗೆ 20% ಇತ್ತು, ಟ್ರಿಬ್ಯೂನಲ್ ಸೇವೆಯಿಂದ ಬಂದದ್ದು ಅಂತ ಒಪ್ಪಿತು, ರೌಂಡಿಂಗ್ ಆಗಿ 50% ಆಯಿತು. ಆದೇಶ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಮೂರು ವರ್ಷದ್ದು ಸರಿ, ಉಳಿದ ಎಂಟು?" ಉಳಿದ ಎಂಟು ಹೋಯಿತು ಮಾವ ಅಂದೆ. ಅದಕ್ಕೇ ಹೇಳುತ್ತಿರುವುದು, ಅರ್ಜಿ ಈ ತಿಂಗಳೇ ಹಾಕಿ. ತಡ ಮಾಡಿದ ಪ್ರತಿ ತಿಂಗಳೂ ಬಾಲದಿಂದ ಒಂದು ತಿಂಗಳ ಹಣ ಕತ್ತರಿಸಿ ಬೀಳುತ್ತದೆ.

ಗೆದ್ದ ಮೇಲೂ ಆದೇಶದ ಪ್ರತಿಯನ್ನು ರೆಕಾರ್ಡ್ ಆಫೀಸಿಗೆ ಕಳಿಸಿ ಹಿಂದೆ ಬೀಳಬೇಕು. ತೀರ್ಪು ಬಂದ ತಿಂಗಳೇ ಹಣ ಬರುತ್ತೆ ಅಂದುಕೊಂಡು ಎಮ್ಮೆ ಕೊಳ್ಳಲು ಮುಂಗಡ ಕೊಡಬೇಡಿ.

ಹಣ ಬಂದ ಮೇಲೆ ನೋಡಬೇಕಾದ್ದು

ಈಗ ಪೆನ್ಷನ್ ಎಲ್ಲ ಸ್ಪರ್ಶ್ ಅನ್ನುವ ರಕ್ಷಣಾ ಇಲಾಖೆಯ ಪೆನ್ಷನ್ ವೆಬ್‌ಸೈಟ್ ಮೂಲಕ. ಲಾಗಿನ್ ಆಗಿ ಪಿಪಿಒ ತೆರೆದು ಮೂರು ಜಾಗ ನೋಡಿ: ಡಿಸೆಬಿಲಿಟಿ ಎಲಿಮೆಂಟ್ ಅಂತ ಬೇರೆ ಸಾಲು ಇದೆಯಾ, ಪರ್ಸೆಂಟ್ ರೌಂಡಿಂಗ್ ಆದದ್ದಾ, ಯಾವ ದಿನದಿಂದ ಶುರು. ತಪ್ಪಿದ್ದರೆ ಅಲ್ಲೇ ದೂರು ದಾಖಲಿಸಿ ನಂಬರ್ ಬರೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಮರೆತು ಲಾಗಿನ್ ಆಗದವರೇ ಜಾಸ್ತಿ, ಹತ್ತಿರದ ಕಾಮನ್ ಸರ್ವಿಸ್ ಸೆಂಟರಿನಲ್ಲಿ ಮಾಡಿಕೊಡುತ್ತಾರೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡುವುದು ತಪ್ಪಿದರೆ ಪೆನ್ಷನ್ ನಿಲ್ಲುತ್ತದೆ.

100% ಅಂಗವೈಕಲ್ಯ ಇದ್ದು, ಜೊತೆಗೊಬ್ಬರು ಸದಾ ಇರಲೇಬೇಕು ಅಂತ ಬೋರ್ಡ್ ಬರೆದಿದ್ದರೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವನ್ಸ್ ಸಿಗುತ್ತದೆ. 7ನೇ ವೇತನ ಆಯೋಗ ಇದನ್ನು ತಿಂಗಳಿಗೆ 6,750 ಮಾಡಿತು, ತುಟ್ಟಿಭತ್ಯೆ 50% ದಾಟಿದಾಗಲೆಲ್ಲ 25% ಏರುತ್ತದೆ. ಹಾಸಿಗೆ ಹಿಡಿದವರ ಮನೆಯವರು ಇದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

ತೆರಿಗೆ ವಿಷಯ: ಬೋರ್ಡ್ ಔಟ್ ಆದವರ ಡಿಸೆಬಿಲಿಟಿ ಪೆನ್ಷನ್ನಿಗೆ, ಎರಡೂ ತುಂಡಿಗೂ, ಆದಾಯ ತೆರಿಗೆ ಇಲ್ಲ. ಸೇವೆ ಮುಗಿಸಿ ಬಂದವರಿಗೆ ಈ ವಿನಾಯಿತಿ ಇಲ್ಲ ಅಂತ 2019ರ ಜೂನ್ 24ರಂದು ಸುತ್ತೋಲೆ ಬಂತು, ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಜಗಳ ಹತ್ತಿತು. ನಿಮ್ಮದು ಎರಡನೇ ಗುಂಪಾದರೆ ಪ್ರತಿ ವರ್ಷ ರಿಟರ್ನ್ ತುಂಬುವ ಮುಂಚೆ ಆ ವರ್ಷದ ನಿಯಮ ಕೇಳಿಕೊಂಡೇ ತುಂಬಿ.

ಸಿವಿಲ್ ಆಸ್ಪತ್ರೆಯಲ್ಲಿ ಮಾಡಿಸುವ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೂ ಇದಕ್ಕೂ ಗೊಂದಲ ಬೇಡ. ಅದು 2016ರ ಅಂಗವಿಕಲರ ಹಕ್ಕು ಕಾನೂನಿನದ್ದು, ಅಲ್ಲಿನ ಸವಲತ್ತುಗಳಿಗೆ ಹೆಚ್ಚಾಗಿ 40% ಬೇಕು. ಆ ಕಾರ್ಡಿನ ಪರ್ಸೆಂಟ್ ತೋರಿಸಿದರೆ ಪೆನ್ಷನ್ ಏರುವುದಿಲ್ಲ. ಆದರೆ ಬೇರೆ ಅನುಕೂಲಗಳಿವೆ, ಮಾಡಿಸಿಕೊಳ್ಳಿ.

ಸೇವೆಗೆ ಸಂಬಂಧವಿಲ್ಲ ಅಂತಲೇ ಕೊನೆಗೂ ತೀರ್ಮಾನವಾದರೆ? ಬೋರ್ಡ್ ಔಟ್ ಆಗಿ 10 ವರ್ಷ ಸೇವೆ ಆಗಿದ್ದರೆ ಇನ್‌ವ್ಯಾಲಿಡ್ ಪೆನ್ಷನ್ ಇದೆ. 10 ವರ್ಷಕ್ಕಿಂತ ಕಡಿಮೆ ಇದ್ದವರಿಗೂ ಕೊಡಬೇಕು ಅಂತ 2020ರ ಜುಲೈನಲ್ಲಿ ಆದೇಶವಾಯಿತು, ಆದರೆ 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿ ಇದ್ದವರಿಗೆ ಮಾತ್ರ.

ಕೊನೆಗೆ ಮನೆಯವರಿಗೆ ಹೇಳುವ ಮಾತು. ಪೆನ್ಷನ್‌ದಾರರು ಯಾವ ತೊಂದರೆಗೆ ಡಿಸೆಬಿಲಿಟಿ ಪಡೆಯುತ್ತಿದ್ದರೋ ಅದೇ ಕಾರಣಕ್ಕೆ ತೀರಿಕೊಂಡರೆ ಹೆಂಡತಿಗೆ ಮಾಮೂಲಿ 30%ರ ಫ್ಯಾಮಿಲಿ ಪೆನ್ಷನ್ ಬದಲು 60%ರ ಸ್ಪೆಷಲ್ ಫ್ಯಾಮಿಲಿ ಪೆನ್ಷನ್ ಕೇಳುವ ಅವಕಾಶ ಇರಬಹುದು. ಆಗ ಸಾವಿನ ಕಾರಣ ಬರೆದ ಆಸ್ಪತ್ರೆ ಕಾಗದ ಬೇಕಾಗುತ್ತದೆ. ದುಃಖದ ಗಡಿಬಿಡಿಯಲ್ಲಿ ಅದನ್ನು ತೆಗೆದುಕೊಳ್ಳದೆ ಬಂದುಬಿಡುತ್ತಾರೆ. ಹೆಂಡತಿಯ ಹೆಸರು ಪಿಪಿಒದಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ತರಹ ಇದೆಯಾ ಅಂತ ಇವತ್ತೇ ನೋಡಿಬಿಡಿ. ನಮ್ಮ ಅತ್ತೆಯ ಹೆಸರು ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀಬಾಯಿ ಇತ್ತು. ಅದನ್ನು ಸರಿ ಮಾಡಿಸಲು ಹಿಡಿದದ್ದು ಏಳು ತಿಂಗಳು, ಅದೂ ಮಾವ ಜೊತೆಗೆ ಬಂದು ಸಹಿ ಹಾಕಿದ್ದಕ್ಕೆ.